ಬೆಂಕಿ ಯಾರದು? ಸೌದೆ ಹೊರೆಯ ಚರಿತ್ರೆ

ಬೆಂಗಳೂರಿನ ಹವಾಮಾನದ ದಾಖಲೆಯಲ್ಲಿ 1884ರ ಜನವರಿ 13 ಒಂದು ದೊಡ್ಡ ದಿನ. ಅವತ್ತು ಊರಿನ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಯಿತು. ಮಾಗಿ ಚಳಿ ಬಂದಾಗಲೆಲ್ಲ ಪತ್ರಿಕೆಗಳು ಈ ಅಂಕಿಯನ್ನು ನೆನಪು ಮಾಡಿಕೊಳ್ಳುತ್ತವೆ. ಆ ರಾತ್ರಿ ದಂಡಿನ ಬಂಗಲೆಗಳಲ್ಲಿ, ಪೇಟೆ ಸಾಹುಕಾರರ ಬಚ್ಚಲ ಒಲೆಗಳಲ್ಲಿ ಸೌದೆ ಚೆನ್ನಾಗಿಯೇ ಉರಿದಿರಬೇಕು. ಆ ಸೌದೆಯನ್ನು ಹೊತ್ತು ತಂದವರು ಯಾರು, ಸೀಳಿದವರು ಯಾರು, ಸೀಳಿದವರ ಮಕ್ಕಳು ಅವತ್ತು ಏನು ಹೊದ್ದು ಮಲಗಿದರು ಅನ್ನುವುದು ಯಾವ ದಾಖಲೆಯಲ್ಲೂ ಇಲ್ಲ. ಪಾದರಸ ಎಷ್ಟು ಇಳಿಯಿತು ಅಂತ ಬರೆದಿಡುವವರು ಇದ್ದರು. ಚಳಿಯಲ್ಲಿ ನಡುಗಿದವರ ಲೆಕ್ಕ ಇಡುವವರು ಇರಲಿಲ್ಲ.

ನಮ್ಮ ನಾಡಲ್ಲಿ ಅಂಥಾ ಚಳಿ ಎಲ್ಲಿದೆ, ಅದಕ್ಕೂ ಒಂದು ಚರಿತ್ರೆಯಾ ಅಂತ ಕೇಳುವವರಿದ್ದಾರೆ. ಹಿಮಾಲಯದ ಚಳಿ ಇಲ್ಲಿಲ್ಲ, ನಿಜ. ಆದರೆ ಚಳಿ ಎಷ್ಟು ಅನ್ನುವುದನ್ನು ಗಾಳಿಯೊಂದೇ ತೀರ್ಮಾನಿಸುವುದಿಲ್ಲ. ಗೋಡೆ ಎಷ್ಟು ದಪ್ಪ, ಮೇಲೆ ಹೆಂಚಿದೆಯೋ ಹುಲ್ಲಿದೆಯೋ, ರಾತ್ರಿ ಹೊಟ್ಟೆಗೆ ಏನು ಬಿದ್ದಿದೆ, ಮೈಮೇಲೆ ಕಂಬಳಿಯೋ ಗೋಣಿಚೀಲವೋ, ಇವೆಲ್ಲ ಸೇರಿ ತೀರ್ಮಾನಿಸುತ್ತವೆ. ಬೀದರ, ಕಲಬುರಗಿ, ವಿಜಯಪುರದ ಬಯಲಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ಮೂಳೆ ಕೊರೆಯುತ್ತವೆ. ಮಲೆನಾಡಲ್ಲಿ ಮಳೆಗಾಲದಿಂದಲೇ ಒಲೆ ಆರುವ ಹಾಗಿಲ್ಲ. ಒಡೆಯನ ಕೊಟ್ಟಿಗೆಯಲ್ಲಿ ಜೀತಕ್ಕಿದ್ದ ಹುಡುಗ ದನಗಳ ಮಧ್ಯೆ ಹುಲ್ಲು ಹರಡಿಕೊಂಡು, ಅವುಗಳ ಮೈಯ ಬಿಸಿಯಲ್ಲೇ ರಾತ್ರಿ ಕಳೆಯುತ್ತಿದ್ದ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ ಅನ್ನುವ ಗಾದೆ ಅವನಿಗೂ ಗೊತ್ತಿತ್ತು. ಶಿವರಾತ್ರಿವರೆಗೆ ಏನು ಮಾಡಬೇಕು ಅಂತ ಗಾದೆ ಹೇಳುವುದಿಲ್ಲ.

ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಒಂದೇ ಮಾತು. ಮರದ ಒಡೆಯ ಬದಲಾಗುತ್ತಾ ಬಂದ. ಊರ ದೇವರು, ಗೌಡ, ಮಹಾರಾಜ, ಸರ್ಕಾರ, ಕಂಪನಿ, ಹೀಗೆ. ಆದರೆ ಆಯ್ದು, ಹೊತ್ತು, ಸೀಳಿದ ಕೈ ಬದಲಾಗಲಿಲ್ಲ. ಆ ಕೈ ತನ್ನ ಒಲೆಗೆ ಅಂತ ಒಂದು ಪುಳ್ಳೆ ಎತ್ತಿಕೊಂಡಾಗ ಮಾತ್ರ ಅದಕ್ಕೆ ಕಳ್ಳತನ ಅನ್ನುವ ಹೆಸರು ಬಂತು. ಈ ಹೆಸರು ಹೇಗೆ ಬಂತು, ಅದನ್ನು ಅಳಿಸಲು ಇವತ್ತು ನಮ್ಮ ಕೈಯಲ್ಲಿ ಏನಿದೆ ಅನ್ನುವುದನ್ನು ನೋಡೋಣ.

1. ಹೊರೆ ಮತ್ತು ಕೊಡಲಿ

ದಕ್ಷಿಣದವರು ಸೌದೆ ಅಂತೀವಿ, ಉತ್ತರದವರು ಕಟ್ಟಿಗಿ ಅಂತಾರೆ. ಹೆಸರು ಏನೇ ಇರಲಿ, ಆಯುವ ಕೆಲಸ ಹೆಂಗಸರದು. ಕೋಳಿ ಕೂಗುವ ಹೊತ್ತಿಗೆ ಎದ್ದು, ತಲೆಗೆ ಸಿಂಬೆ, ಸೊಂಟಕ್ಕೆ ಕುಡುಗೋಲು, ಮಡಿಲಲ್ಲಿ ತಂಗಳು ಮುದ್ದೆ ಕಟ್ಟಿಕೊಂಡು ಹೊರಟರೆ ಮೂರೋ ನಾಲ್ಕೋ ಮೈಲಿ. ಒಬ್ಬಳೇ ಹೋಗುವ ಹಾಗಿಲ್ಲ, ಗುಂಪಾಗಿ ಹೋಗಬೇಕು. ಕಾಡು ಪ್ರಾಣಿಗಿಂತ ಕಾಡು ಕಾಯುವ ಮನುಷ್ಯನ ಭಯ ಹೆಚ್ಚು. ಕಾಡಿಲ್ಲದ ಕಡೆ ಸಿಕ್ಕಿದ್ದೇ ಸೌದೆ: ಮೈಸೂರು ಸೀಮೆಯ ಕುರುಚಲಲ್ಲಿ ತಂಗಡಿ, ಬಂದರಿಕೆ, ಲಾಂಟಾನ, ರಾಯಚೂರು, ಕಲಬುರಗಿ ಕಡೆ ಹತ್ತಿ ಕಟ್ಟಿಗಿ, ತೊಗರಿ ಕಟ್ಟಿಗಿ, ಈಚಿನ ದಶಕಗಳಲ್ಲಿ ಎಲ್ಲೆಲ್ಲೂ ಬಳ್ಳಾರಿ ಜಾಲಿ. ಜಾಲಿ ಮುಳ್ಳು ಅಂಗಾಲಿಗೆ ಹೊಕ್ಕರೆ ವಾರ ಪೂರ್ತಿ ನಡೆಯುವಂತಿಲ್ಲ. ಅದೂ ಇಲ್ಲದಿದ್ದರೆ ಸಗಣಿ ತಟ್ಟಿ ಬೆರಣಿ, ಕುಳ್ಳು. ಹೊಲಕ್ಕೆ ಹೋಗಬೇಕಾದ ಗೊಬ್ಬರ ಒಲೆಗೆ ಹೋಗುತ್ತದೆ. ಸ್ವಂತ ದನ ಇಲ್ಲದವರು ದಾರಿಯಲ್ಲಿ ಬಿದ್ದ ಸಗಣಿಗೂ ಪೈಪೋಟಿ ಮಾಡಬೇಕು.

ಸೀಳುವ ಕೆಲಸ ಗಂಡಸರದು. ಅದು ಬರೀ ತೋಳ್ಬಲದ ಕೆಲಸ ಅಂತ ಕೊಡಲಿ ಹಿಡಿಯದವರು ತಿಳಿದಿದ್ದಾರೆ. ಮರದ ಎಳೆ ಯಾವ ಕಡೆ ಓಡಿದೆ ಅಂತ ನೋಡಿ ಏಟು ಹಾಕಬೇಕು. ಗಂಟಿರುವ ಕಡೆ ಹೊಡೆದರೆ ಕೊಡಲಿ ಸಿಕ್ಕಿಕೊಳ್ಳುತ್ತದೆ. ಹುಣಸೆ, ಜಾಲಿಯಂಥ ಗಟ್ಟಿ ಮರದ ಬುಡಕ್ಕೆ ಬೆಣೆ ಇಟ್ಟು ಸಮ್ಮಟಿಯಿಂದ ಬಡಿಯಬೇಕು. ಹಸಿ ಮರದಲ್ಲಿ ತೂಕದ ಅರ್ಧದಷ್ಟು ನೀರೇ ಇರಬಹುದು. ತೊಗಟೆ ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೀಳಿದ ಮೇಲೆ ಒಳಮೈ ಗಾಳಿಗೆ ತೆರೆದು ಬೇಗ ಒಣಗುತ್ತದೆ. ಒಣಗದ ಸೌದೆ ಒಲೆಗೆ ಇಟ್ಟರೆ ಬೆಂಕಿಯ ಬಿಸಿಯೆಲ್ಲ ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಉಳಿಯುವುದು ಹೊಗೆ.

ಇಲ್ಲೇ ಒಂದು ಮಾತು ಗಮನಿಸಬೇಕು. ಬೇಸಿಗೆಯಲ್ಲಿ ಕಡಿದು, ಸೀಳಿ, ಮಳೆ ಬೀಳದ ಕಡೆ ಒಟ್ಟಿಟ್ಟರೆ ಮಳೆಗಾಲಕ್ಕೂ ಚಳಿಗಾಲಕ್ಕೂ ಒಣ ಸೌದೆ ಸಿಗುತ್ತದೆ. ಒಟ್ಟುವುದು ಎಲ್ಲಿ? ಹಿತ್ತಿಲಿದ್ದವನಿಗೆ, ಕೊಟ್ಟಿಗೆ ಇದ್ದವನಿಗೆ, ಅಟ್ಟ ಇದ್ದವನಿಗೆ ಸೌದೆ ಮನೆ ಇರುತ್ತದೆ. ಒಂದೇ ಅಂಕಣದ ಗುಡಿಸಲಲ್ಲಿ ಆರು ಜನ ಮಲಗುವ ಕೇರಿಯವರಿಗೆ ಅವತ್ತಿನ ಹೊರೆ ಅವತ್ತಿಗೆ. ಮಳೆಯಲ್ಲಿ ನೆಂದಿದ್ದರೆ ನೆಂದದ್ದೇ ಉರಿಸಬೇಕು. ಒಣ ಸೌದೆಯೂ ಒಂದು ಆಸ್ತಿ. ನಾಡಿನ ಮರವನ್ನೆಲ್ಲ ಸೀಳಿ ಒಣಗಿಸಿ ಕೊಟ್ಟವನ ಮನೆಯಲ್ಲೇ ಹಸಿ ಸೌದೆಯ ಹೊಗೆ ತುಂಬಿಕೊಂಡಿರುವುದಕ್ಕೆ ಕಾರಣ ಅವನ ದಡ್ಡತನವಲ್ಲ.

ಊರ ದೊಡ್ಡವರ ಮನೆಯಲ್ಲಿ ಮದುವೆ ಗೊತ್ತಾಯಿತು ಅಂದರೆ ಕೇರಿಗೆ ಹೇಳಿಕಳಿಸುತ್ತಿದ್ದರು. ಗಾಡಿಗಟ್ಟಲೆ ಸೌದೆ ಸೀಳಿ ಒಟ್ಟಬೇಕು. ಕೂಲಿ ಅನ್ನುವ ಮಾತಿಲ್ಲ, ಅದು ಬಿಟ್ಟಿ. ಮದುವೆ ಮುಗಿದ ಮೇಲೆ, ಎಲ್ಲರ ಊಟ ಆದ ಮೇಲೆ, ದೂರದಲ್ಲಿ ಕೂರಿಸಿ ಉಳಿದದ್ದು ಬಡಿಸುವುದೇ ಸಂಭಾವನೆ. ಊರಲ್ಲಿ ಸಾವಾದರೂ ಇವರೇ ಸೌದೆ ಹೊರಬೇಕು. ಸಾಹೇಬರು ಊರಿಗೆ ಬಂದು ಬಿಡಾರ ಹೂಡಿದರೆ ಅವರ ನೀರೊಲೆಗೂ ಇವರದೇ ಸೌದೆ. ಇಲ್ಲಿ ಮೈಲಿಗೆಯ ಶಾಸ್ತ್ರ ಎಷ್ಟು ಜಾಣತನದ್ದು ನೋಡಿ. ನಾವು ಮುಟ್ಟಿದ ನೀರು ಮೈಲಿಗೆ, ನಾವು ಮುಟ್ಟಿದ ಅನ್ನ ಮೈಲಿಗೆ, ನಮ್ಮ ನೆರಳೂ ಮೈಲಿಗೆ. ನಾವು ಬೆವರು ಸುರಿಸಿ ಸೀಳಿದ ಸೌದೆ ಮಾತ್ರ ಹಿತ್ತಿಲ ಬಾಗಿಲಿಂದ ಒಳಗೆ ಹೋಗಿ ದೇವರ ನೈವೇದ್ಯ ಬೇಯಿಸುತ್ತದೆ. ನೀರನ್ನು ಸೇದಿಕೊಳ್ಳುವುದು ಅವರಿಗೆ ಕಷ್ಟವಿರಲಿಲ್ಲ. ಕೊಡಲಿ ಎತ್ತುವುದು ಕಷ್ಟವಿತ್ತು. ಅವರು ಮಾಡಲಾರದ ಕೆಲಸಕ್ಕೆ ಶಾಸ್ತ್ರವೇ ರಿಯಾಯಿತಿ ಕೊಟ್ಟಿತು.

ಈ ಬಿಟ್ಟಿ ಒಂದು ರೂಢಿ ಅಷ್ಟೇ ಆಗಿರಲಿಲ್ಲ, ಕಾಯಿದೆಯ ಬೆಂಬಲವೂ ಅದಕ್ಕಿತ್ತು. ಧಾರವಾಡ, ಬೆಳಗಾವಿ, ಬಿಜಾಪುರಗಳು ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವು. ಅಲ್ಲಿ ಊರ ಚಾಕರಿಯನ್ನು ವತನ ಅಂತ ಕರೆದು, ಒಂದು ತುಂಡು ಭೂಮಿ ತೋರಿಸಿ, ಇಡೀ ಕುಲವನ್ನು ಹಗಲು ರಾತ್ರಿ ದುಡಿಸಿಕೊಳ್ಳುತ್ತಿದ್ದರು. ಇದನ್ನು ಮುರಿಯಬೇಕೆಂದು ಡಾ. ಅಂಬೇಡ್ಕರ್ 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ತಿದ್ದುಪಡಿ ಮಸೂದೆ ತಂದರು. ಕರ್ನಾಟಕದಲ್ಲಿ ಗ್ರಾಮ ಚಾಕರಿಗಳನ್ನು ರದ್ದು ಮಾಡುವ ಕಾಯಿದೆ ಬಂದದ್ದು 1961ರಲ್ಲಿ. ಜೀತ ಪದ್ಧತಿಯನ್ನು ರದ್ದು ಮಾಡುವ ಕೇಂದ್ರ ಕಾಯಿದೆ ಬಂದದ್ದು 1976ರಲ್ಲಿ. ಆಮೇಲೂ ಎಷ್ಟೋ ಊರುಗಳಲ್ಲಿ ಸೌದೆ ಸೀಳಲು ಹೇಳಿಕಳಿಸುವುದು ನಿಲ್ಲಲಿಲ್ಲ. ಒಲ್ಲೆ ಅಂದ ಕೇರಿಗೆ ಬಹಿಷ್ಕಾರ ಹಾಕಿದ್ದನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ.

2. ಸೌದೆ ಹೊತ್ತ ರಾಜ

ಕನ್ನಡ ಸಾಹಿತ್ಯ ಸೌದೆ ಹೊತ್ತವನೊಬ್ಬನನ್ನು ಮರೆತಿಲ್ಲ. ಹನ್ನೆರಡನೆಯ ಶತಮಾನದ ಮೋಳಿಗೆಯ ಮಾರಯ್ಯ ಕಲ್ಯಾಣದಲ್ಲಿ ಸೌದೆ ಹೊರೆ ಮಾರಿ ಬದುಕಿದ ಶರಣ. ಮೋಳಿಗೆ ಅಂದರೆ ಸೌದೆಯ ಹೊರೆ. ಮಾರಯ್ಯ ಮತ್ತು ಮಹಾದೇವಿ ಇಬ್ಬರೂ ವಚನ ಬರೆದರು. ಅವರ ಬಡತನ ಕಂಡು ಬಸವಣ್ಣ ಮನೆಯಲ್ಲಿ ಗುಟ್ಟಾಗಿ ಹೊನ್ನು ಇಟ್ಟು ಹೋದನೆಂದೂ, ಕಾಯಕದಿಂದ ಬರದ ಹೊನ್ನು ತಮಗೆ ಬೇಡವೆಂದು ಅವರು ಅದನ್ನು ಉಳಿಸಿಕೊಳ್ಳಲಿಲ್ಲವೆಂದೂ ಕಥೆ ಇದೆ. ಹೊರೆ ಹೊರುವ ಕೆಲಸಕ್ಕೆ ಮರ್ಯಾದೆ ಕೊಟ್ಟ ಕಾಲ ಅದು. ಅದನ್ನು ನಾವು ಸಣ್ಣದು ಮಾಡುವುದಿಲ್ಲ.

ಆದರೆ ಪುರಾಣ ಬರೆದವರು ಏನು ಮಾಡಿದರು? ಮಾರಯ್ಯ ಮೂಲದಲ್ಲಿ ಕಾಶ್ಮೀರದ ರಾಜ, ಸಿಂಹಾಸನ ಬಿಟ್ಟು ಬಂದು ಸೌದೆ ಹೊತ್ತ ಅಂದರು. ಸೌದೆ ಹೊರುವವನು ಬರೀ ಸೌದೆ ಹೊರುವವನಾಗಿದ್ದರೆ ಅವನ ಕಥೆಗೆ ಬೆಲೆಯಿಲ್ಲ ಅಂತ ಅವರಿಗೆ ಅನ್ನಿಸಿರಬೇಕು. ರಾಜನಾಗಿದ್ದು ಹೊತ್ತರೆ ಅದು ತ್ಯಾಗ. ಹುಟ್ಟಿನಿಂದಲೇ ಹೊತ್ತರೆ ಅದು ಕರ್ಮ. ಅದೇ ಕಲ್ಯಾಣದ ಬೀದಿಯಲ್ಲಿ ಯಾವ ರಾಜ್ಯವನ್ನೂ ಬಿಟ್ಟು ಬರದೆ ಹೊರೆ ಹೊತ್ತ ಹೆಂಗಸರು ನೂರಾರು ಜನ ಇದ್ದಿರಬೇಕಲ್ಲ? ಅವರ ಹೆಸರು ಯಾವ ಪುರಾಣದಲ್ಲಿದೆ?

3. ಕಾಡು ಎಲ್ಲರದಾಗಿತ್ತೆ?

ಇಂಗ್ಲಿಷರು ಬರುವ ಮುಂಚೆ ಕಾಡು ಎಲ್ಲರದಾಗಿತ್ತು, ಅವರು ಬಂದು ಕಿತ್ತುಕೊಂಡರು ಅಂತ ಪರಿಸರದ ಬಗ್ಗೆ ಮಾತಾಡುವ ನಮ್ಮ ಗೆಳೆಯರು ಹೇಳುತ್ತಾರೆ. ಇದರಲ್ಲಿ ಅರ್ಧ ನಿಜ ಇದೆ. ಉಳಿದ ಅರ್ಧವನ್ನು ದಲಿತರೇ ಹೇಳಬೇಕು. 1800–01ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರುಗಳಲ್ಲಿ ತಿರುಗಾಡಿ ಬರೆದ ಪುಸ್ತಕ 1807ರಲ್ಲಿ ಅಚ್ಚಾಯಿತು. ಉತ್ತರ ಕೆನರಾದ ಕಾಡಿನ ಬಗ್ಗೆ ಅವನು ಬರೆದದ್ದು ಹೀಗೆ: ಕಾಡು ಊರ ದೇವರ ಸ್ವತ್ತು, ಮರ ಕಡಿಯಬೇಕಾದರೆ ಗೌಡನ ಅಪ್ಪಣೆ ಬೇಕು, ಆ ಗೌಡನೇ ವಂಶಪಾರಂಪರ್ಯವಾಗಿ ಆ ದೇವರ ಪೂಜಾರಿ. ಅದೇ ಪುಸ್ತಕದಲ್ಲಿ ಕರಾವಳಿಯ ಜಮೀನುಗಳಲ್ಲಿ ಮನುಷ್ಯರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ ವಿವರಗಳೂ ಇವೆ.

ಎರಡನ್ನೂ ಜೊತೆಗಿಟ್ಟು ಓದಿ. ದೇವರ ಕಾಡಿಗೆ ಅಪ್ಪಣೆ ಕೊಡುವವನು ಗೌಡ. ಆ ದೇವರ ಗುಡಿಯೊಳಗೆ ನಮಗೆ ಪ್ರವೇಶವಿಲ್ಲ. ಕಾಡು ಊರಿನದು ಅಂದರೆ ಊರು ಯಾರದು ಅನ್ನುವ ಪ್ರಶ್ನೆ ಏಳುತ್ತದೆ. ಕೇರಿ ಯಾವತ್ತೂ ಊರಿನ ಹೊರಗೇ ಇತ್ತು. ಬಿದ್ದ ಪುಳ್ಳೆ ಆಯ್ದುಕೊಳ್ಳಲು ಯಾರೂ ಬೇಡ ಅನ್ನುತ್ತಿರಲಿಲ್ಲ, ಅದು ನಿಜ. ಅದಕ್ಕೆ ಬದಲಾಗಿ ಬಿಟ್ಟಿ ದುಡಿಯಬೇಕಿತ್ತು ಅನ್ನುವುದೂ ಅಷ್ಟೇ ನಿಜ.

4. ಪುಳ್ಳೆ ಆಯುವುದು ಅಪರಾಧವಾದದ್ದು

1864ರಲ್ಲಿ ಎರಡು ಸಂಗತಿ ನಡೆದವು. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂತು. ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಶುರುವಾಯಿತು. ಇವೆರಡಕ್ಕೂ ನಂಟಿದೆ. ದಕ್ಷಿಣದ ರೈಲು ಎಂಜಿನ್ನುಗಳು ಆ ಕಾಲದಲ್ಲಿ ಸೌದೆ ತಿನ್ನುತ್ತಿದ್ದವು. ಹಳಿಯ ಕೆಳಗೆ ಹಾಸಲೂ ಮರ ಬೇಕಿತ್ತು. ಹಾಗಾಗಿ ಸರ್ಕಾರಕ್ಕೆ ಕಾಡಿನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿತು. ಬ್ರಿಟಿಷ್ ಇಂಡಿಯಾದಲ್ಲಿ 1865ರಲ್ಲಿ ಮೊದಲ ಅರಣ್ಯ ಕಾಯಿದೆ, 1878ರಲ್ಲಿ ಇನ್ನೂ ಬಿಗಿಯಾದ ಎರಡನೆಯದು. ಮೈಸೂರಿನಲ್ಲಿ 1900ರಲ್ಲಿ ಅರಣ್ಯ ರೆಗ್ಯುಲೇಷನ್. ಆಮೇಲೆ 1927ರ ಭಾರತೀಯ ಅರಣ್ಯ ಕಾಯಿದೆ.

1927ರ ಕಾಯಿದೆಯನ್ನು ನಮ್ಮ ವಿದ್ಯಾರ್ಥಿಗಳು ಒಮ್ಮೆ ಓದಬೇಕು. ಅರಣ್ಯ ಉತ್ಪನ್ನ ಅಂದರೆ ಏನು? ಮರ ಮಾತ್ರವಲ್ಲ, ಕಾಡಲ್ಲಿ ಸಿಗುವ ಎಲೆ, ಹೂವು, ಹಣ್ಣು ಕೂಡ. 26ನೇ ಸೆಕ್ಷನ್ ಪ್ರಕಾರ ಮೀಸಲು ಅರಣ್ಯದಿಂದ ಅಪ್ಪಣೆಯಿಲ್ಲದೆ ಇವನ್ನು ತಂದರೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಐನೂರು ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 1927ರ ಐನೂರು ರೂಪಾಯಿ! 52ನೇ ಸೆಕ್ಷನ್ ಪ್ರಕಾರ ಕೊಡಲಿ, ಗಾಡಿ, ಎತ್ತು ಎಲ್ಲ ಜಪ್ತಿ. 68ನೇ ಸೆಕ್ಷನ್ ಪ್ರಕಾರ ಅಧಿಕಾರಿಯೇ ದುಡ್ಡು ಕಟ್ಟಿಸಿಕೊಂಡು ರಾಜಿ ಮಾಡಿಬಿಡಬಹುದು. ಎಲ್ಲಕ್ಕಿಂತ ದೊಡ್ಡದು 69ನೇ ಸೆಕ್ಷನ್. ಮಾಲು ಯಾರದು ಅನ್ನುವ ತಕರಾರು ಬಂದರೆ ಅದು ಸರ್ಕಾರದ್ದೇ ಅಂತ ಕೋರ್ಟು ನಂಬಿಕೊಳ್ಳಬೇಕು. ಅಲ್ಲ ಅಂತ ಸಾಬೀತು ಮಾಡುವ ಹೊಣೆ ಹೊರೆ ಹೊತ್ತವಳದು. ಓದು ಬರಹ ಬರದ ಹೆಂಗಸು ಕೋರ್ಟಿನಲ್ಲಿ ನಿಂತು ಈ ತಂಗಡಿ ಕಡ್ಡಿ ಬೇಲಿ ಮೇಲಿಂದ ತಂದದ್ದು, ಕಾಡಿಂದಲ್ಲ ಅಂತ ಹೇಗೆ ಸಾಬೀತು ಮಾಡುತ್ತಾಳೆ? ಕೋರ್ಟಿಗೆ ಹೋಗುವ ಬದಲು ಗಾರ್ಡನ ಕೈ ಬೆಚ್ಚಗೆ ಮಾಡಿದಳು. ಕಾಸಿಲ್ಲದಿದ್ದರೆ ಹೊರೆಯನ್ನು ಅವನ ಮನೆ ಒಲೆ ಮುಂದೆ ಇಳಿಸಿ ಬಂದಳು.

ಕಾಯಿದೆ ಎಲ್ಲರಿಗೂ ಒಂದೇ ಆಗಿತ್ತು ಅಂತಲೂ ತಿಳಿಯಬೇಡಿ. ಉತ್ತರ ಕನ್ನಡದ ಅಡಿಕೆ ತೋಟದವರಿಗೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟುಕೊಟ್ಟರು. ಸೊಪ್ಪು, ದರಗು, ಸೌದೆ ತಂದುಕೊಳ್ಳಲು ಅವರಿಗೆ ಸವಲತ್ತು ಸಿಕ್ಕಿತು. ತೋಟ ಇದ್ದವನಿಗೆ ಕಾಡು. ತೋಟ ಇಲ್ಲದವನಿಗೆ ಲೆಕ್ಕ ಹಾಕಲು ಎಕರೆಯೇ ಇಲ್ಲ. ಭೂಮಿಯ ಅಸಮಾನತೆಯನ್ನು ಕಾಡಿಗೂ ವಿಸ್ತರಿಸಿದ್ದು ಹೀಗೆ.

ಇದು ನಮ್ಮೊಬ್ಬರ ಕಥೆಯಲ್ಲ. 1841ರಲ್ಲಿ ಜರ್ಮನಿಯ ರೈನ್ ಪ್ರಾಂತ್ಯದ ಶಾಸನಸಭೆ ಬಿದ್ದ ಪುಳ್ಳೆ ಆಯುವ ಬಡವರನ್ನೂ ಕಳ್ಳರ ಪಟ್ಟಿಗೆ ಸೇರಿಸಲು ಹೊರಟಿತ್ತು. 1842ರಲ್ಲಿ ಇಪ್ಪತ್ತನಾಲ್ಕು ವರ್ಷದ ಕಾರ್ಲ್ ಮಾರ್ಕ್ಸ್ ಪತ್ರಿಕೆಯಲ್ಲಿ ಅದರ ವಿರುದ್ಧ ಸರಣಿ ಲೇಖನ ಬರೆದ. ತಾನು ಅರ್ಥಶಾಸ್ತ್ರದ ಕಡೆ ತಿರುಗಿದ್ದಕ್ಕೆ ಅದೂ ಒಂದು ಕಾರಣ ಅಂತ ಆಮೇಲೆ ಅವನೇ ಹೇಳಿಕೊಂಡ. ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ ಜೋತಿಬಾ ಫುಲೆ 1883ರಲ್ಲಿ ಮುಗಿಸಿದ ‘ಶೇತಕರ್‍ಯಾಚಾ ಅಸೂಡ’ದಲ್ಲಿ ಅರಣ್ಯ ಇಲಾಖೆ ಬಡ ರೈತರ ಬಾಯಿಂದ ಕಾಡಿನ ಹಣ್ಣು, ಮೇವು ಕಿತ್ತುಕೊಂಡದ್ದನ್ನು ಕಟುವಾಗಿ ಬರೆದರು. ಗುಡ್ಡದ ಸೌದೆ ಗುಡ್ಡದವರಿಗೆ ಅನ್ನುವ ಮಾತನ್ನು ಬಡವರ ಪರವಾಗಿ ಮೊದಲು ಆಡಿದವರಲ್ಲಿ ಒಬ್ಬ ಮಾಲಿ ಜಾತಿಯ ಮನುಷ್ಯ ಇದ್ದ ಅನ್ನುವುದನ್ನು ಮರೆಯಬಾರದು.

ಕಳ್ಳತನದ ಮಾತು ಬಂದಾಗ ಕಾಮನ ಹಬ್ಬವನ್ನು ನೆನೆಯದೆ ಇರಲಾಗುವುದಿಲ್ಲ. ಹೋಳಿ ಹುಣ್ಣಿಮೆಯ ಮುಂಚೆ ಊರ ಹುಡುಗರು ಮನೆಮನೆಯ ಹಿತ್ತಿಲಿಂದ ಸೌದೆ, ಕುಳ್ಳು ಕದ್ದು ತಂದು ಒಟ್ಟುತ್ತಾರೆ. ಅದು ಹಬ್ಬ, ಅದು ಸಂಪ್ರದಾಯ, ಕದಿಸಿಕೊಂಡವರೂ ನಗುತ್ತಾರೆ. ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ಆ ಕಾಮನಿಗೆ ಹಚ್ಚುವ ಬೆಂಕಿ ಬರಬೇಕಾದದ್ದು ಹೊಲಗೇರಿಯಿಂದ. ಆ ಒಂದು ರಾತ್ರಿಗೆ ನಮ್ಮ ಒಲೆಯ ಬೆಂಕಿ ಊರಿಗೆ ಬೇಕು. ಮಾರನೆಯ ದಿನ ಅದೇ ಒಲೆಗೆ ಅಂತ ನಮ್ಮ ಅವ್ವ ಬೇಲಿಯಿಂದ ಎರಡು ಕಡ್ಡಿ ಮುರಿದರೆ ಮರಕ್ಕೆ ಕಟ್ಟಿ ಹೊಡೆಯುತ್ತಾರೆ.

1927ರಲ್ಲೇ, ಅರಣ್ಯ ಕಾಯಿದೆ ಬಂದ ಅದೇ ವರ್ಷ, ಡಿಸೆಂಬರ್ 25ರ ರಾತ್ರಿ ಮಹಾಡಿನಲ್ಲಿ ಇನ್ನೊಂದು ಬೆಂಕಿ ಹೊತ್ತಿತು. ಅಂಬೇಡ್ಕರ್ ಮತ್ತು ಅವರ ಸಂಗಾತಿಗಳು ಮನುಸ್ಮೃತಿಯನ್ನು ಸುಟ್ಟರು. ಆ ಚಳಿಗಾಲದಲ್ಲಿ ನಮ್ಮ ಜನ ಬೇರೆಯವರ ನೀರು ಕಾಯಿಸಲು ಅಲ್ಲ, ತಮಗಾಗಿ ಬೆಂಕಿ ಹಚ್ಚಿದರು.

5. ಗಣಿ, ಕುಲುಮೆ, ನೀಲಗಿರಿ

ಕಾಡನ್ನು ಮುಗಿಸಿದ್ದು ತಲೆಹೊರೆಯಾ? ಲೆಕ್ಕ ನೋಡೋಣ. 1880ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗೆ ಬ್ರಿಟಿಷ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದ ಕರೆಂಟು ಬರುವವರೆಗೆ ಅಲ್ಲಿನ ಯಂತ್ರಗಳು ಹಬೆಯಲ್ಲೇ ಓಡಿದವು. ಹಬೆಗೆ ಸೌದೆ, ಕಲ್ಲಿದ್ದಲು ಬೇಕಾಯಿತು. ಗಣಿಯ ಆಳಕ್ಕೆ ಇಳಿದು ಸತ್ತವರು ಬಹುಪಾಲು ಆರ್ಕಾಟಿನ ಕಡೆಯಿಂದ ಬಂದ ದಲಿತರು. 1918ರಲ್ಲಿ ಸ್ಥಾಪನೆಯಾಗಿ 1923ರಲ್ಲಿ ಉತ್ಪಾದನೆ ಶುರು ಮಾಡಿದ ಭದ್ರಾವತಿ ಕಾರ್ಖಾನೆ ಇದ್ದಿಲಿನಿಂದ ಕಬ್ಬಿಣ ಕರಗಿಸಿತು. ಆ ಇದ್ದಿಲು ಮಲೆನಾಡಿನ ಮರ. ಅಲ್ಲಿ ಕೊಡಲಿ ಹಿಡಿದವರೂ ಕೂಲಿಗಳೇ. ಆದರೆ ಆ ಕೊಡಲಿಯನ್ನು ಯಾರೂ ಜಪ್ತಿ ಮಾಡಲಿಲ್ಲ, ಯಾಕೆಂದರೆ ಅದು ಪ್ರಗತಿಯ ಕೊಡಲಿ.

1930ರಲ್ಲಿ ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳಲ್ಲಿ ಅರಣ್ಯ ಸತ್ಯಾಗ್ರಹ ನಡೆಯಿತು. ಜನ ಕಾಯಿದೆ ಮುರಿದು ಕಾಡಿಗೆ ನುಗ್ಗಿದರು, ಜೈಲಿಗೆ ಹೋದರು. ಸ್ವಾತಂತ್ರ್ಯ ಬಂದ ಮೇಲೆ ಆ ಕಾಯಿದೆ ಹೋಗಬೇಕಿತ್ತಲ್ಲ? 1963ರ ಕರ್ನಾಟಕ ಅರಣ್ಯ ಕಾಯಿದೆ ಹಳೆಯದರ ಅಚ್ಚಿನಲ್ಲೇ ಎರಕ ಹೊಯ್ದದ್ದು. ಗಾರ್ಡನ ಟೋಪಿ ಬದಲಾಯಿತು. ಹೊರೆ ಇಳಿಸುವ ಜಾಗ ಬದಲಾಗಲಿಲ್ಲ.

1980ರ ದಶಕದಲ್ಲಿ ಬಡವರಿಗೆ ಸೌದೆ ಬೆಳೆಸಿಕೊಡುತ್ತೇವೆ ಅಂತ ವಿಶ್ವ ಬ್ಯಾಂಕಿನ ಸಾಲ ತಂದು ಸಾಮಾಜಿಕ ಅರಣ್ಯ ಯೋಜನೆ ಮಾಡಿದರು. ನೆಟ್ಟದ್ದು ಬಹುಪಾಲು ನೀಲಗಿರಿ. ಕೋಲಾರ, ಬೆಂಗಳೂರು, ತುಮಕೂರು ಕಡೆ ದೊಡ್ಡ ಹಿಡುವಳಿದಾರರು ರಾಗಿ ಹೊಲಕ್ಕೆ ನೀಲಗಿರಿ ಹಾಕಿದರು. ರಾಗಿ ಹೊಲಕ್ಕೆ ಕಳೆ ಕೀಳಲು, ಕುಯ್ಯಲು, ಬಡಿಯಲು ಕೂಲಿ ಬೇಕು. ನೀಲಗಿರಿಗೆ ಬೇಡ. ಕೂಲಿ ಹೋಯಿತು, ರಾಗಿ ಹೋಯಿತು, ಹುಲ್ಲೂ ಹೋಯಿತು. ಬೆಳೆದ ಮರ ಲಾರಿ ಹತ್ತಿ ಕಾಗದ, ರೇಯಾನ್ ಕಾರ್ಖಾನೆಗೆ ಹೋಯಿತು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತರು. ಅದೇ ವರ್ಷ ಶಿರಸಿಯ ಸಾಲ್ಕಣಿಯಲ್ಲಿ ಅಪ್ಪಿಕೋ ಶುರುವಾಯಿತು. 1984ರಲ್ಲಿ ಸರ್ಕಾರ ಹರಿಹರದ ಕಾರ್ಖಾನೆಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಮಾಡಿ, ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಅದಕ್ಕೆ ಗೊತ್ತು ಮಾಡಿತು. ಜನ ಸೌದೆ, ಹುಲ್ಲು ತರುತ್ತಿದ್ದ ಭೂಮಿ ಅದು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಕಿತ್ತು ತಮಗೆ ಬೇಕಾದ ಮರ ನೆಟ್ಟರು. 1991ರಲ್ಲಿ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಜನ ಗೆದ್ದ ಕೆಲವೇ ಹೋರಾಟಗಳಲ್ಲಿ ಇದು ಒಂದು.

6. ಹೊಗೆ ಯಾರಿಗೆ?

ಕಾಡು ನಾಶಕ್ಕೆ ಸೌದೆ ಆಯುವ ಹೆಂಗಸರೇ ಕಾರಣ ಅಂತ ಅಧಿಕಾರಿಗಳು ಭಾಷಣ ಮಾಡುತ್ತಾ ಬಂದರು. ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ ಕುಣಿಗಲ್ ತಾಲೂಕಿನ ಉಂಗ್ರದ ಸುತ್ತಲ ಹಳ್ಳಿಗಳಲ್ಲಿ ಒಲೆಗೆ ಏನು ಹೋಗುತ್ತದೆ ಅಂತ ಲೆಕ್ಕ ಹಾಕಿ 1980ರ ದಶಕದ ಆರಂಭದಲ್ಲಿ ವರದಿ ಕೊಟ್ಟಿತು. ಹಳ್ಳಿಯವರು ಉರಿಸುತ್ತಿದ್ದದ್ದು ಹೆಚ್ಚಾಗಿ ಪುಳ್ಳೆ, ಕಡ್ಡಿ, ರೆಂಬೆ. ಮರ ಉರುಳಿಸಿ ಉರಿಸುತ್ತಿರಲಿಲ್ಲ. ಬುಡಸಹಿತ ಮರ ಬೇಕಾಗಿದ್ದದ್ದು ಪೇಟೆಯ ಸೌದೆ ಡಿಪೋಗೆ, ಗೂಡುಗಳಿಗೆ, ಕಾರ್ಖಾನೆಗಳಿಗೆ. 1983ರಲ್ಲಿ ಎ.ಕೆ.ಎನ್. ರೆಡ್ಡಿ ಮತ್ತು ಸುಧಾಕರ ರೆಡ್ಡಿ ಬೆಂಗಳೂರಿನ ಸೌದೆಯ ಬಗ್ಗೆ ಬರೆದಾಗ, ಪೇಟೆಯೊಳಗೂ ಬಡವರು ಸೌದೆಗೆ ಸಿಕ್ಕಿಬಿದ್ದಿದ್ದಾರೆ, ಕಾಸಿದ್ದವರು ಸೀಮೆಎಣ್ಣೆಗೆ, ಗ್ಯಾಸಿಗೆ ಹತ್ತಿಹೋಗಿದ್ದಾರೆ ಅಂತ ತೋರಿಸಿದರು.

2011ರ ಜನಗಣತಿಯಲ್ಲಿ ದೇಶದ 49 ಶೇಕಡಾ ಮನೆಗಳು, ಹಳ್ಳಿಗಳಲ್ಲಿ 62.5 ಶೇಕಡಾ ಮನೆಗಳು ಸೌದೆಯಲ್ಲೇ ಅಡಿಗೆ ಮಾಡುತ್ತಿದ್ದವು. 2016ರ ಮೇ 1ರಂದು ಉಜ್ವಲ ಯೋಜನೆ ಬಂತು. ಕೇರಿಗಳಿಗೂ ಸಿಲಿಂಡರ್ ಬಂದಿದೆ, ಇಲ್ಲ ಅನ್ನುವುದಿಲ್ಲ. ಆದರೆ ಕೂಲಿ ಸಿಗದ ತಿಂಗಳಲ್ಲಿ ಅದನ್ನು ಮತ್ತೆ ತುಂಬಿಸುವುದು ಹೇಗೆ? ಸಿಲಿಂಡರ್ ಮೂಲೆಯಲ್ಲಿ ಕೂತಿರುತ್ತದೆ, ಪಕ್ಕದಲ್ಲಿ ಮೂರು ಕಲ್ಲಿನ ಒಲೆ ಉರಿಯುತ್ತದೆ. ಸ್ನಾನದ ನೀರಿಗೆ, ಚಳಿ ಕಾಯಿಸುವುದಕ್ಕೆ ಗ್ಯಾಸು ಉರಿಸುವ ಬಡವರು ಕಡಿಮೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನಮ್ಮ ಅವ್ವಂದಿರ ಕೆಂಪು ಕಣ್ಣು, ಗೂರಲು ಕೆಮ್ಮು ಹಣೆಬರಹವಲ್ಲ. ಅದಕ್ಕೆ ಕಾರಣ ಇದೆ, ಕಾರಣಕ್ಕೆ ಚರಿತ್ರೆ ಇದೆ.

7. ಎಪ್ಪತ್ತೈದು ವರ್ಷದ ಪುರಾವೆ

2006ರಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯಿದೆಯನ್ನು ಪಾಸು ಮಾಡಿತು. ಅದರ ಕಿರು ಅರಣ್ಯ ಉತ್ಪನ್ನದ ಪಟ್ಟಿಯಲ್ಲಿ ಜೇನು, ಬಿದಿರಿನ ಜೊತೆ ಪೊದೆಗಳ ಪುಳ್ಳೆ, ಮರದ ಬುಡವೂ ಸೇರಿವೆ. 1927ರಲ್ಲಿ ಅಪರಾಧವಾಗಿದ್ದದ್ದು ಕಾಗದದ ಮೇಲಾದರೂ ಹಕ್ಕಾಯಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೋರಾಡಿ 2011ರಲ್ಲಿ ಸಾಮುದಾಯಿಕ ಹಕ್ಕು ಪಡೆದರು. ಹುಲಿ ರಕ್ಷಿತಾರಣ್ಯದೊಳಗೇ ಪಡೆದರು ಅನ್ನುವುದನ್ನು ಗಮನಿಸಿ.

ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು, ಅಂದರೆ ಕಾಡಂಚಿನ ದಲಿತರೂ, ಇತರೆ ಪಾರಂಪರಿಕ ಅರಣ್ಯವಾಸಿಗಳು ಅನ್ನಿಸಿಕೊಳ್ಳಬೇಕು. ಅದಕ್ಕೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಬದುಕಿ ಕಾಡನ್ನು ನೆಚ್ಚಿಕೊಂಡಿದ್ದದ್ದಕ್ಕೆ ಪುರಾವೆ ಕೊಡಬೇಕು. ಪಹಣಿಯಲ್ಲಿ ನಮ್ಮ ಹೆಸರಿಲ್ಲ, ಶಾಲೆಯ ರಿಜಿಸ್ಟರಿನಲ್ಲಿ ನಮ್ಮ ಅಜ್ಜನ ಹೆಸರಿಲ್ಲ. ಬರೆಯಲು ಬಿಡದವರೇ ಈಗ ಬರೆದದ್ದು ತೋರಿಸು ಅನ್ನುತ್ತಾರೆ.

ಹಾಗಂತ ಕೈಕಟ್ಟಿ ಕೂರಬೇಕಾಗಿಲ್ಲ. ಈ ಕಾಯಿದೆಯ 13ನೇ ನಿಯಮವನ್ನು ನಮ್ಮ ಕಾರ್ಯಕರ್ತರು ಬಾಯಿಪಾಠ ಮಾಡಬೇಕು. ಹಕ್ಕುದಾರರಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದು ಪುರಾವೆ. ಹಳೆಯ ಬಾವಿ, ಸ್ಮಶಾನ, ದೇವರ ಕಲ್ಲು ಪುರಾವೆ. ಅಸ್ಪೃಶ್ಯತೆ ನಮಗೆ ಬೇರೆ ಬಾವಿ, ಬೇರೆ ಸ್ಮಶಾನ ಕೊಟ್ಟಿತು. ಅವೇ ಈಗ ನಾವು ಇಲ್ಲಿದ್ದೆವು ಅಂತ ಹೇಳುತ್ತವೆ. ಕೋರ್ಟಿನ ಕಾಗದಗಳೂ ಪುರಾವೆ. ಅರಣ್ಯ ಇಲಾಖೆ ನಮ್ಮ ಅಜ್ಜಿಯ ಮೇಲೆ ಹಾಕಿದ ಕೇಸು, ಅಜ್ಜ ಕಟ್ಟಿದ ದಂಡದ ರಸೀದಿ, ಜಪ್ತಿಯಾದ ಕೊಡಲಿಯ ಪಂಚನಾಮೆ, ಇವೆಲ್ಲದರ ಮೇಲೆ ತಾರೀಖಿದೆ, ಊರಿನ ಹೆಸರಿದೆ, ಕಾಡಿನ ಹೆಸರಿದೆ. ನಮ್ಮನ್ನು ಕಳ್ಳರು ಅಂದ ಕಾಗದವೇ ನಾವು ಆ ಕಾಡಿನವರು ಅಂತ ಸಾಕ್ಷಿ ಹೇಳುತ್ತದೆ. ಒಂದಕ್ಕಿಂತ ಹೆಚ್ಚು ಪುರಾವೆ ಬೇಕು ಅನ್ನುತ್ತದೆ ನಿಯಮ. ಹುಡುಕಿದರೆ ಹಳೆಯ ಟ್ರಂಕಿನಲ್ಲಿ, ಕೋರ್ಟಿನ ದಾಸ್ತಾನಿನಲ್ಲಿ ಸಿಗುತ್ತವೆ.

ಹಳ್ಳಿಯ ಮೇಷ್ಟರಲ್ಲಿ, ಹಾಸ್ಟೆಲಿನ ವಿದ್ಯಾರ್ಥಿಗಳಲ್ಲಿ ನಮ್ಮ ಕೋರಿಕೆ ಇಷ್ಟು. ಈ ಮಾಗಿಯಲ್ಲಿ ಊರಿಗೆ ಹೋದಾಗ ಎಂಬತ್ತು ದಾಟಿದ ಅವ್ವಂದಿರ ಪಕ್ಕ ಬೆಂಕಿ ಕಾಯಿಸುತ್ತಾ ಕೂತು ಕೇಳಿ. ಸೌದೆಗೆ ಯಾವ ಕಡೆ ಹೋಗುತ್ತಿದ್ದಿರಿ, ಆ ಹಳ್ಳಕ್ಕೆ, ಆ ಗುಡ್ಡಕ್ಕೆ ಏನು ಹೆಸರು, ಯಾವ ವರ್ಷ ಗಾರ್ಡು ಹಿಡಿದ, ಎಷ್ಟು ದಂಡ ಕಟ್ಟಿದಿರಿ, ಯಾರ ಮದುವೆಗೆ ಎಷ್ಟು ಗಾಡಿ ಸೌದೆ ಸೀಳಿದಿರಿ. ಬರೆದುಕೊಳ್ಳಿ, ತಾರೀಖು ಹಾಕಿ, ಹೆಬ್ಬೆಟ್ಟು ಒತ್ತಿಸಿ, ಗ್ರಾಮಸಭೆಯ ಮುಂದೆ ಇಡಿ. ಅವರು ಹೋದರೆ ಆ ಹಾದಿಗಳ ಹೆಸರೂ ಅವರ ಜೊತೆಗೇ ಹೋಗುತ್ತದೆ. ಕೆಲಸ ಈ ಚಳಿಗಾಲದಲ್ಲೇ ಆಗಬೇಕು.